ಗೃಹಾಲಂಕಾರವೆಂಬ ವೃತ್ತಿವಿದ್ಯೆ

ಹತ್ತನೆಯ ತರಗತಿಯ ಅಥವಾ ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆಯೇ ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಒಂದು ವಿಚಾರಸಭೆಯು ಸೇರುವುದು. ಮುಂದೆ ಯಾವ ವಿದ್ಯೆ, ಎಷ್ಟು ವರ್ಷ, ಎಷ್ಟು ವೆಚ್ಚ, ಕಡೆಗೆ ಯಾವ ಜೀವನೋಪಾಯ ಎಂಬ ನಾಲ್ಕು ಪ್ರಶ್ನೆಗಳೇ ಆ ಸಭೆಯ ವಿಷಯಗಳು. ಮೊದಲು ವೈದ್ಯಶಾಸ್ತ್ರ, ಅದಿಲ್ಲದಿದ್ದರೆ ಎಂಜಿನಿಯರಿಂಗು, ಅದೂ ಇಲ್ಲದಿದ್ದರೆ ಲೆಕ್ಕಪತ್ರದ ಉದ್ಯೋಗ ಎಂದು ಹಿರಿಯರು ಬೆರಳು ಮಡಿಸುತ್ತಿರುವಾಗ, ಈಚೆಗೆ ಅನೇಕ ಮನೆಗಳಲ್ಲಿ ಮಗಳೋ ಮಗನೋ ಎದ್ದುನಿಂತು, "ನಾನು ಒಳಾಂಗಣ ವಿನ್ಯಾಸವನ್ನು ಕಲಿಯುತ್ತೇನೆ" ಎಂದು ಹೇಳಿ ಸಭೆಯನ್ನು ನಿಶ್ಶಬ್ದಗೊಳಿಸುವುದುಂಟು.

"ಗೋಡೆಗೆ ಬಣ್ಣ ಬಳಿಸುವುದಕ್ಕೂ ಕಿಟಕಿಗೆ ಪರದೆ ಕಟ್ಟಿಸುವುದಕ್ಕೂ ಒಂದು ಪದವಿ ಬೇಕೇ?" ಎಂದು ತಂದೆಯು ಕೇಳುವನು. "ಶ್ರೀಮಂತರ ಮನೆಯ ಮಕ್ಕಳಿಗೆ ಸರಿ, ನಮ್ಮಂಥವರಿಗೆ ಇದರಿಂದ ಅನ್ನ ಹುಟ್ಟುವುದೇ?" ಎಂದು ತಾಯಿಯು ಚಿಂತಿಸುವಳು. ಈ ಎರಡು ಸಂದೇಹಗಳನ್ನೂ ಮೂಢತನವೆಂದು ತಳ್ಳಿಹಾಕತಕ್ಕದ್ದಲ್ಲ. ಏತಕ್ಕೆಂದರೆ ಇಲ್ಲಿ ಎರಡು ಬಗೆಯ ಹಾನಿಯುಂಟು. ಈ ಕಸಬಿಗೆ ನಿಜವಾಗಿ ತಕ್ಕ ಮಗುವನ್ನು ಹಳೆಯ ಅಭಿಮಾನದಿಂದ ತಡೆದರೆ ಒಂದು ಹಾನಿ. ಹೆಸರು ನೋಡಿ ಮರುಳಾಗಿ, ಕೂಡಿಟ್ಟ ಹಣವನ್ನು ತೆತ್ತು, ಕಡೆಗೆ ಒಂದು ಬಣ್ಣದ ಕಾಗದವನ್ನು ಮಾತ್ರ ಹಿಡಿದು ಮಗುವು ಮನೆಗೆ ಹಿಂದಿರುಗಿದರೆ ಮತ್ತೊಂದು ಹಾನಿ. ಇವೆರಡರಿಂದಲೂ ಗೃಹಸ್ಥರು ಪಾರಾಗಬೇಕಾದರೆ ಈ ವಿದ್ಯೆಯ ಸ್ವರೂಪವೇನು, ಅದನ್ನು ಕಲಿಸತಕ್ಕ ಕ್ರಮವೇನು ಎಂಬುದನ್ನು ಮೊದಲು ತಿಳಿಯಬೇಕು. ಅದನ್ನು ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಅಲಂ ಎಂಬ ಮಾತಿನ ನಾಲ್ಕು ಅರ್ಥಗಳು

ಅಲಂಕಾರವೆಂಬುದು ನಮಗೆಲ್ಲರಿಗೂ ಪರಿಚಿತವಾದ ಶಬ್ದ. ಅಲಂ ಎಂಬ ಅವ್ಯಯವೂ ಮಾಡುವುದೆಂಬ ಅರ್ಥದ ಧಾತುವೂ ಸೇರಿ ಅದು ಆಗಿದೆ. ಈ ಅಲಂ ಎಂಬ ಪುಟ್ಟ ಮಾತಿಗೆ ಸಂಸ್ಕೃತ ಕೋಶಗಳಲ್ಲಿ ನಾಲ್ಕು ಅರ್ಥಗಳನ್ನು ಹೇಳಿದೆ: ಭೂಷಣ, ಪರ್ಯಾಪ್ತಿ, ಶಕ್ತಿ, ವಾರಣ. ಭೂಷಣವೆಂದರೆ ಚೆಲುವು. ಪರ್ಯಾಪ್ತಿಯೆಂದರೆ ಸಾಕಷ್ಟಾಗಿರುವುದು, ಒಪ್ಪುವಂತಿರುವುದು. ಶಕ್ತಿಯೆಂದರೆ ಸಾಮರ್ಥ್ಯ. ವಾರಣವೆಂದರೆ "ಸಾಕು, ಬೇಡ" ಎಂದು ತಡೆಯುವುದು. ಲೋಕದಲ್ಲಿ ನಾವು ಮೊದಲನೆಯ ಅರ್ಥವೊಂದನ್ನೇ ಹಿಡಿದು ಉಳಿದ ಮೂರನ್ನೂ ಮರೆತಿದ್ದೇವೆ. ಆದುದರಿಂದಲೇ ಗೃಹಾಲಂಕಾರವೆಂದೊಡನೆ ಹೂದಾನಿ, ಪರದೆ, ಬಣ್ಣದ ದೀಪ ಇವು ಕಣ್ಣಮುಂದೆ ಬರುವುವು.

ಯಾವ ಶಾಲೆಯು ಭೂಷಣವನ್ನು ಮಾತ್ರ ಕಲಿಸುವುದೋ ಅದು ಕಾಲುಭಾಗದ ಶಾಲೆ. ನಾಲ್ಕನ್ನೂ ಕಲಿಸುವುದೇ ಪೂರ್ಣವಾದ ಶಾಲೆ. ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಮುಂದಿನದೆಲ್ಲ ಇದರ ವಿವರಣೆ.

ಈ ವಿದ್ಯೆ ಹೊಸದಲ್ಲ

ಮನೆಯ ಒಳಭಾಗವನ್ನು ಒಪ್ಪವಾಗಿ ಏರ್ಪಡಿಸುವುದು ನಮ್ಮ ದೇಶದಲ್ಲಿ ಹೊಸದಾಗಿ ಹುಟ್ಟಿದ ಶೋಕಿಯೆಂದು ಯಾರೂ ಭಾವಿಸಬಾರದು. ವಾತ್ಸ್ಯಾಯನನು ಎಣಿಸಿರುವ ಅರವತ್ತುನಾಲ್ಕು ಕಲೆಗಳಲ್ಲಿ ಅಕ್ಕಿ ಮತ್ತು ಹೂವುಗಳಿಂದ ನೆಲದ ಮೇಲೆ ಚಿತ್ರ ರಚಿಸುವುದು, ನೆಲಕ್ಕೆ ಮಣಿಗಳನ್ನು ಕೂರಿಸುವುದು, ಹಾಸಿಗೆಯನ್ನು ರಚಿಸುವುದು, ಮರಗೆಲಸ, ವಾಸ್ತುವಿದ್ಯೆ ಇವೆಲ್ಲವೂ ಸೇರಿವೆ. ಅದೇ ಗ್ರಂಥಕಾರನು ನಾಗರಿಕನೊಬ್ಬನ ಕೋಣೆಯನ್ನು ವರ್ಣಿಸುವಾಗ, ಬಿಳಿಯ ಹಚ್ಚಡ ಹೊದಿಸಿದ ಹಾಸಿಗೆ, ಗೋಡೆಯ ದಂತದ ಗೂಟಕ್ಕೆ ತೂಗುಹಾಕಿದ ವೀಣೆ, ಚಿತ್ರ ಬರೆಯುವ ಹಲಗೆ, ಕುಂಚಗಳ ಪೆಟ್ಟಿಗೆ, ಒಂದು ಪುಸ್ತಕ ಎಂದು ವಸ್ತುಗಳನ್ನು ಹೇಳುತ್ತಾನೆ. ಅಲ್ಲಿ ಅನವಶ್ಯಕವಾದುದು ಬಹಳ ಕಡಿಮೆ ಎಂಬುದನ್ನು ವಾಚಕರು ಗಮನಿಸಬೇಕು. ಹಗಲಿರುಳು ಕೈಗೆ ಬೇಕಾಗುವ ವಸ್ತುವೇ ಅಲ್ಲಿ ಅಲಂಕಾರ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ನಮ್ಮಲ್ಲಿಯೇ ಉಂಟು. ಮಹಾಭಾರತದಲ್ಲಿ ಮಯನು ಕಟ್ಟಿದ ಸಭೆಯಲ್ಲಿ ನೆಲವು ನೀರಿನಂತೆಯೂ ನೀರು ನೆಲದಂತೆಯೂ ಕಾಣುತ್ತಿತ್ತು. ದುರ್ಯೋಧನನು ಕೊಳದಲ್ಲಿ ಬಿದ್ದು ಅವಮಾನಿತನಾದನು. ಮುಂದೆ ನಡೆದ ಅನರ್ಥಕ್ಕೆ ಆ ಅವಮಾನವೂ ಒಂದು ಕಾರಣವಾಯಿತು. ಕೌಶಲದಲ್ಲಿ ಮಯನಿಗೆ ಸಮಾನರಿಲ್ಲ. ಆದರೂ ಬಂದ ಅತಿಥಿಯನ್ನು ಬೀಳಿಸುವ ನೆಲವು ಒಳ್ಳೆಯ ನೆಲವಲ್ಲ. ಈಗ ಕನ್ನಡಿಯಂತೆ ಹೊಳೆಯುವ ಹಾಸುಬಿಲ್ಲೆಗಳನ್ನು ಸ್ನಾನದ ಮನೆಗೂ ಹಾಕಿಸಿ, ಮುದುಕರು ಕಾಲುಜಾರಿ ಸೊಂಟ ಮುರಿದುಕೊಳ್ಳುವ ಮನೆಗಳನ್ನು ಕಂಡಾಗಲೆಲ್ಲ ನನಗೆ ಆ ಮಯಸಭೆಯ ನೆನಪಾಗುತ್ತದೆ.

ಇದು ಶಾಲೆಯ ವಿದ್ಯೆಯಾದ ಬಗೆ

ಕುಲಕಸಬಾಗಿದ್ದ ಈ ಕಲೆಯು ಶಾಲೆಯ ಪಾಠವಾದದ್ದು ಮಾತ್ರ ಈಚಿನ ಸಂಗತಿ. ಅಮೆರಿಕದಲ್ಲಿ ಎಡಿತ್ ವಾರ್ಟನ್ ಎಂಬ ಲೇಖಕಿಯೂ ಆಗ್ಡನ್ ಕಾಡ್ಮನ್ ಎಂಬ ಗೃಹಶಿಲ್ಪಿಯೂ ಸೇರಿ ಮನೆಗಳ ಅಲಂಕರಣವನ್ನು ಕುರಿತು ೧೮೯೭ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೋಣೆಯ ಸೊಬಗು ಅದರ ಪ್ರಮಾಣದಲ್ಲಿಯೂ ಬಾಗಿಲು ಕಿಟಕಿಗಳ ಸ್ಥಾನದಲ್ಲಿಯೂ ಇರುವುದೇ ಹೊರತು ಮೇಲೆ ಹೊದಿಸಿದ ಬಟ್ಟೆಯಲ್ಲಿ ಅಲ್ಲವೆಂಬುದು ಅವರ ವಾದ. ೧೯೧೬ರಲ್ಲಿ ಷೆರಿಲ್ ವೈಟನ್ ಎಂಬ ಶಿಲ್ಪಿಯು ನ್ಯೂಯಾರ್ಕ್ ನಗರದಲ್ಲಿ ಈ ವಿಷಯಕ್ಕಾಗಿಯೇ ಒಂದು ಶಾಲೆಯನ್ನು ತೆರೆದನು. ಅದು ಇಂದಿಗೂ ನಡೆಯುತ್ತಿದೆ. ೧೯೧೯ರಲ್ಲಿ ಜರ್ಮನಿಯ ವೈಮಾರ್ ಪಟ್ಟಣದಲ್ಲಿ ವಾಲ್ಟರ್ ಗ್ರೋಪಿಯಸನು ಸ್ಥಾಪಿಸಿದ ಬೌಹೌಸ್ ಎಂಬ ವಿದ್ಯಾಲಯವು ಇನ್ನೂ ಮುಂದೆ ಹೋಯಿತು. ಅಲ್ಲಿ ವಿದ್ಯಾರ್ಥಿಯು ಮೊದಲು ರೂಪ, ವರ್ಣ, ವಸ್ತುಗಳ ಪ್ರಾಥಮಿಕ ಪಾಠವನ್ನು ಮುಗಿಸಿ, ಬಳಿಕ ಕಾರ್ಯಾಗಾರವನ್ನು ಸೇರಬೇಕಾಗಿತ್ತು. ಮೊದಮೊದಲು ಕಾರ್ಯಾಗಾರಕ್ಕೆ ಗುರುಗಳು ಇಬ್ಬರು: ರೂಪವನ್ನು ಕಲಿಸುವ ಕಲಾವಿದನೊಬ್ಬ, ಕೈಕೆಲಸವನ್ನು ಕಲಿಸುವ ಕುಶಲಕರ್ಮಿಯೊಬ್ಬ. ರಾಜಕೀಯದ ಒತ್ತಡದಿಂದ ೧೯೩೩ರಲ್ಲಿ ಆ ವಿದ್ಯಾಲಯವು ಮುಚ್ಚಿಹೋದರೂ, ಇಬ್ಬರು ಗುರುಗಳ ಆ ಪದ್ಧತಿಯು ಲೋಕಕ್ಕೆ ಒಂದು ಪಾಠವಾಗಿ ಉಳಿಯಿತು.

ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ೧೯೫೮ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ನಮ್ಮ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ವಿಶೇಷವಾಗಿ ಹೊಗಳಿದ್ದು ನೀರು ತರುವ ಸಾಮಾನ್ಯ ಲೋಟಾ ಎಂಬ ಪಾತ್ರೆಯನ್ನು. ನಾವು ಚೊಂಬು ಎನ್ನುವುದು ಅದನ್ನೇ. ಸೊಂಟದ ಮೇಲಾಗಲಿ ತಲೆಯ ಮೇಲಾಗಲಿ ಹೊರುವಾಗ ಅದರ ತೂಕ, ಕೈಗೆ ಸಿಕ್ಕುವ ಕಂಠ, ತೊಳೆಯುವ ಅನುಕೂಲ, ಬೆಲೆ ಇವನ್ನೆಲ್ಲ ಒಟ್ಟಿಗೆ ಯೋಚಿಸಿದರೆ ವಿನ್ಯಾಸವೆಂದರೇನೆಂಬುದು ತಿಳಿಯುವುದೆಂದು ಅವರ ಅಭಿಪ್ರಾಯ. ಆ ವರದಿಯ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಒಳಾಂಗಣ ವಿನ್ಯಾಸಕಾರರ ಅಖಿಲ ಭಾರತ ಸಂಘವು ೧೯೭೨ರಲ್ಲಿಯೂ, ಅಹಮದಾಬಾದಿನ ಸೆಪ್ಟ್ ವಿದ್ಯಾಕೇಂದ್ರದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಶಾಲೆಯು ೧೯೯೧ರಲ್ಲಿಯೂ ಆರಂಭವಾದುವು.

ನಮ್ಮ ಮೈಸೂರಿನ ಸಂಗತಿಯನ್ನೂ ಇಲ್ಲಿ ನೆನೆಯುವುದು ಉಚಿತ. ೧೮೯೭ರಲ್ಲಿ ಮರದ ಹಳೆಯ ಅರಮನೆಯು ಅಗ್ನಿಗೆ ಆಹುತಿಯಾದ ಬಳಿಕ, ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿದ ಹೊಸ ಅರಮನೆಯು ೧೯೧೨ರಲ್ಲಿ ಪೂರ್ಣವಾಯಿತು. ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಬಂದವು. ಅಂಬಾವಿಲಾಸದ ಬೀಟೆ ಮರದ ಬಾಗಿಲಿಗೆ ದಂತವನ್ನು ಕೂರಿಸಿರುವ ನಯವಂತೂ ನೋಡಿದವರಿಗೇ ಗೊತ್ತು. ೧೯೧೩ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡವು ಸಿದ್ಧವಾಗಿ, ಚಿತ್ರಲೇಖನವೂ ಮರದ ಕುಸುರಿಕೆಲಸವೂ ಒಂದೇ ಸೂರಿನಡಿಯಲ್ಲಿ ವಿದ್ಯಾರ್ಥಿಗಳಿಗೆ ದೊರಕುವಂತಾಯಿತು. ಕುಲಕ್ಕೆ ಮೀಸಲಾಗಿದ್ದ ಕೈಚಳಕವು ಶಾಲೆಯ ಬಾಗಿಲಿಗೆ ಬಂದದ್ದು ನಮ್ಮ ನಾಡಿಗೆ ಸಣ್ಣ ಸಂಗತಿಯಲ್ಲ.

ಏನನ್ನು ಕಲಿಯಬೇಕು?

ಪರ್ಯಾಪ್ತಿಯಿಂದ ಆರಂಭಿಸೋಣ. ಮನೆಯು ಮನುಷ್ಯನ ಮೈಗೆ ಒಪ್ಪಬೇಕು. ಕುಳಿತುಕೊಳ್ಳುವ ಕುರ್ಚಿಯ ಎತ್ತರ ಸಾಮಾನ್ಯವಾಗಿ ೧೬ರಿಂದ ೧೮ ಅಂಗುಲ; ಬರೆಯುವ ಅಥವಾ ಉಣ್ಣುವ ಮೇಜಿನ ಎತ್ತರ ೨೮ರಿಂದ ೩೦ ಅಂಗುಲ. ಇವೆರಡರ ನಡುವೆ ಸುಮಾರು ಒಂದು ಅಡಿಯ ಅಂತರವಿಲ್ಲದಿದ್ದರೆ ತೊಡೆಗೆ ಮೇಜು ತಗಲುವುದು, ಇಲ್ಲವೆ ಹೆಗಲು ನೋಯುವುದು. ಅಡಿಗೆಮನೆಯ ಕಟ್ಟೆಯು ನಿಂತು ಕೆಲಸ ಮಾಡುವವರ ಮೊಣಕೈಗಿಂತ ಸುಮಾರು ನಾಲ್ಕು ಅಂಗುಲ ಕೆಳಗಿರಬೇಕು. ಊರಿಗೆಲ್ಲ ಒಂದೇ ಅಳತೆಯ ಕಟ್ಟೆಯನ್ನು ಕಟ್ಟಿಸಿ, ಕುಳ್ಳಗಿನ ಗೃಹಿಣಿಯು ಇಪ್ಪತ್ತು ವರ್ಷ ಹೆಗಲೆತ್ತಿಕೊಂಡೇ ಹಿಟ್ಟು ನಾದುವಂತೆ ಮಾಡಿರುವ ಮನೆಗಳು ಎಷ್ಟೋ ಇವೆ. ಮೆಟ್ಟಿಲು ಆರೇಳು ಅಂಗುಲ ಎತ್ತರ, ಹತ್ತು ಹನ್ನೊಂದು ಅಂಗುಲ ಅಗಲವಿದ್ದರೆ ಮುದುಕರೂ ಆಯಾಸವಿಲ್ಲದೆ ಹತ್ತುವರು. ಕಲಿಯುವವನು ಮೊದಲು ಅಳೆಯಬೇಕು. ಅಳೆದುದನ್ನು ಪ್ರಮಾಣಬದ್ಧವಾಗಿ ಕಾಗದದ ಮೇಲೆ ಮೇಲುನೋಟ, ಎದುರುನೋಟ, ಛೇದನೋಟ ಎಂದು ಮೂರು ಬಗೆಯಾಗಿ ಬರೆಯಬೇಕು. ಈಗ ಇದೆಲ್ಲವೂ ಗಣಕಯಂತ್ರದಲ್ಲಿ ಆಗುವುದು ನಿಜ. ಆದರೆ ಗಣಕವು ಗೆರೆ ಎಳೆಯುವುದೇ ಹೊರತು ಬಾಗಿಲು ತೆರೆದಾಗ ಮಂಚಕ್ಕೆ ಬಡಿಯುವುದೆಂದು ತಾನಾಗಿ ಚಿಂತಿಸದು.

ಎರಡನೆಯದು ಶಕ್ತಿ, ಎಂದರೆ ವಸ್ತುವಿನ ಸಾಮರ್ಥ್ಯವನ್ನೂ ಕೈಯ ಸಾಮರ್ಥ್ಯವನ್ನೂ ಅರಿಯುವುದು. ತೇಗ, ಹೊನ್ನೆ, ಹಲಸು, ಬೀಟೆ ಇವುಗಳ ಗುಣವನ್ನು ಹಿಂದಿನವರು ಮುಟ್ಟಿ ತಿಳಿಯುತ್ತಿದ್ದರು. ಈಗ ಬಹುಪಾಲು ಕೆಲಸವು ಪ್ಲೈವುಡ್ ಹಲಗೆಯಲ್ಲಿ ನಡೆಯುವುದರಿಂದ ಅದರ ಜಾತಿಗಳನ್ನು ಅರಿಯಬೇಕು. ಭಾರತೀಯ ಮಾನಕಗಳಲ್ಲಿ ೩೦೩ನೆಯದು ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ, ೭೧೦ನೆಯದು ನೀರನ್ನು ಚೆನ್ನಾಗಿ ತಡೆಯುವ ಹಡಗುದರ್ಜೆಯ ಪ್ಲೈವುಡ್ಡಿಗೆ ಸಂಬಂಧಿಸಿದುವು. ತೊಟ್ಟಿಯ ಕೆಳಗಿನ ಕಪಾಟಿಗೆ ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಅಗ್ಗದ ಹಲಗೆಯನ್ನು ಹಾಕಿದರೆ, ನೀರು ತಗಲಿದಾಗ ಅದು ಉಬ್ಬಿ ಒಡೆಯುವುದು. ಕೆಲವು ಅಂಟುಗಳಿಂದ ಹೊರಸೂಸುವ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಅಂತರರಾಷ್ಟ್ರೀಯ ಅರ್ಬುದರೋಗ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ಮನುಷ್ಯರಿಗೆ ಅರ್ಬುದಕಾರಕವೆಂದು ನಿರ್ಣಯಿಸಿದೆ. ಮಕ್ಕಳು ಮಲಗುವ ಕೋಣೆಗೆ ಯಾವ ಹಲಗೆ ತಕ್ಕುದೆಂಬುದು ಬಣ್ಣದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಮೂರನೆಯದು ಭೂಷಣ. ಇದಕ್ಕೂ ಶಾಸ್ತ್ರವುಂಟು. ತಿಳಿಬಣ್ಣದ ಚಾವಣಿಯು ಎತ್ತರವಾಗಿ ಕಾಣುವುದು. ಕಡುಬಣ್ಣದ ಚಾವಣಿಯು ತಲೆಯ ಮೇಲೆ ಇಳಿದಂತೆ ತೋರುವುದು. ಕೆಂಪು, ಕಿತ್ತಳೆ ಬಣ್ಣದ ಗೋಡೆಯು ಹತ್ತಿರ ಬಂದಂತೆಯೂ ನೀಲಿಯು ದೂರ ಸರಿದಂತೆಯೂ ಭಾಸವಾಗುವುದು. ಅಂಗಡಿಯ ದೀಪದಲ್ಲಿ ಒಪ್ಪಿದ ಸೀರೆಯು ಮನೆಯ ಅಂಗಳದಲ್ಲಿ ಬೇರೆ ಬಣ್ಣವಾಗಿ ಕಾಣುವುದನ್ನು ಅರಿಯದ ಗೃಹಿಣಿಯಿಲ್ಲ. ಎಲ್ಇಡಿ ದೀಪದ ಡಬ್ಬಿಯ ಮೇಲೆ ೨೭೦೦ ಕೆಲ್ವಿನ್ ಎಂದಿದ್ದರೆ ಹಳದಿ ಮಿಶ್ರಿತ ಬೆಳಕು, ೬೫೦೦ ಎಂದಿದ್ದರೆ ನೀಲಿ ಮಿಶ್ರಿತ ಬಿಳಿಯ ಬೆಳಕು. ಮಲಗುವ ಕೋಣೆಗೆ ಮೊದಲನೆಯದು ಹಿತ. ವಸ್ತುಗಳ ನಿಜವಾದ ಬಣ್ಣವನ್ನು ಎಷ್ಟರಮಟ್ಟಿಗೆ ತೋರಿಸುವುದೆಂಬುದಕ್ಕೂ ಪ್ರತ್ಯೇಕವಾದ ಒಂದು ಅಂಕವುಂಟು. ಅದು ನೂರಕ್ಕೆ ಸಮೀಪವಾದಷ್ಟೂ ಒಳ್ಳೆಯದು.

ನಾಲ್ಕನೆಯದಾದ ವಾರಣವೇ ಎಲ್ಲಕ್ಕಿಂತ ಕಷ್ಟವಾದುದು. "ಈ ಚಿಕ್ಕ ಹಜಾರಕ್ಕೆ ಇಷ್ಟು ದೊಡ್ಡ ಸೋಫಾ ಬೇಡ, ಇರುವ ಅಜ್ಜನ ಬೀರುವನ್ನೇ ತಿಕ್ಕಿ ಹೊಳಪು ಕೊಡಿಸೋಣ, ಗಾಳಿ ಬರುವ ಈ ಕಿಟಕಿಯನ್ನು ಕಪಾಟಿನಿಂದ ಮುಚ್ಚತಕ್ಕದ್ದಲ್ಲ" ಎಂದು ಹಣ ಕೊಡುವ ಯಜಮಾನನಿಗೇ ವಿನಯದಿಂದ ಹೇಳುವ ಎದೆಗಾರಿಕೆ ಬೇಕು. ಖರ್ಚು ಹೆಚ್ಚಿದಷ್ಟೂ ತನ್ನ ಪ್ರತಿಫಲ ಹೆಚ್ಚುವುದೆಂದು ಗೊತ್ತಿದ್ದೂ ಬೇಡವೆನ್ನುವವನು ಮಾತ್ರ ಈ ಕಸಬಿನಲ್ಲಿ ಬಹುಕಾಲ ಬಾಳುವನು.

ಒಂದು ಬೀರುವಿನ ಲೆಕ್ಕ

ಕೈಕೆಲಸವಿಲ್ಲದ ಪಾಠವು ಎಲ್ಲಿಗೆ ಬರುವುದೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುವೆನು. ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಮಗಳನ್ನು ಒಂದು ಖಾಸಗಿ ಸಂಸ್ಥೆಗೆ ಸೇರಿಸಿ ಒಂದು ವರ್ಷ ಒಳಾಂಗಣ ಅಲಂಕರಣವನ್ನು ಓದಿಸಿದರು. ಹುಡುಗಿಯು ಜಾಣೆ, ಅವಳು ಗಣಕದಲ್ಲಿ ರಚಿಸಿದ ಚಿತ್ರಗಳು ಛಾಯಾಚಿತ್ರಗಳಂತೆಯೇ ಇದ್ದುವು. ಮೊದಲ ಕೆಲಸವಾಗಿ ಬಂಧುಗಳೊಬ್ಬರು ತಮ್ಮ ಮನೆಯ ಬಟ್ಟೆಬೀರುವನ್ನು ಅವಳಿಗೆ ಒಪ್ಪಿಸಿದರು. ಏಳಡಿ ಎತ್ತರ, ಆರಡಿ ಅಗಲ, ಎರಡಡಿ ಆಳ. ಮೂರು ಖಾನೆಗಳು, ಮೂರು ಬಾಗಿಲುಗಳು, ಹನ್ನೆರಡು ಅಡ್ಡಹಲಗೆಗಳು. ಬಡಗಿಯು ನಕ್ಷೆಯನ್ನು ನೋಡಿ ಕೇಳಿದ ಪ್ರಶ್ನೆ ಒಂದೇ: "ಎಷ್ಟು ಹಲಗೆ ತರಿಸಲಿ ತಾಯಿ?" ಅವಳ ಬಳಿ ಉತ್ತರವಿರಲಿಲ್ಲ. ಒಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಬಡಗಿಯು ಸೀಮೆಸುಣ್ಣದಿಂದ ನೆಲದ ಮೇಲೆಯೇ ಲೆಕ್ಕವನ್ನು ಬರೆದು ತೋರಿಸಿದನು. ಪೂರ್ಣ ಹಲಗೆಯೊಂದು ಎಂಟಡಿಗೆ ನಾಲ್ಕಡಿ, ಎಂದರೆ ೩೨ ಚದರಡಿ. ನಿಲುವುಹಲಗೆ ನಾಲ್ಕು, ಏಳಡಿಗೆ ಎರಡಡಿಯಂತೆ ೫೬ ಚದರಡಿ. ಮೇಲಿನ ಮತ್ತು ಕೆಳಗಿನ ಹಲಗೆಗಳು, ಆರಡಿಗೆ ಎರಡಡಿಯಂತೆ ೨೪. ಅಡ್ಡಹಲಗೆ ಹನ್ನೆರಡು, ಎರಡಡಿಗೆ ಎರಡಡಿಯಂತೆ ೪೮. ಬಾಗಿಲುಗಳು ಮೂರು, ೪೨. ಒಟ್ಟು ೧೭೦ ಚದರಡಿ. ಹಿಂಬದಿಯ ತೆಳುಹಲಗೆಯ ಲೆಕ್ಕ ಬೇರೆ. ಭಾಗಿಸಿದರೆ ಐದೂ ಚಿಲ್ಲರೆ. ಆರು ಹಲಗೆ ಸಾಲಬೇಕು. ಆದರೆ ಸಾಲುವುದು ಕತ್ತರಿಸುವ ಕ್ರಮವನ್ನು ಅವಲಂಬಿಸಿದೆ. ನಿಲುವುಹಲಗೆಗಳಿಗೆ ಎರಡು, ಎರಡು ಬಾಗಿಲಿಗೆ ಒಂದು. ನಾಲ್ಕನೆಯದರಲ್ಲಿ ಉಳಿದ ಬಾಗಿಲು, ಮೇಲಿನ ಹಲಗೆ ಮತ್ತು ಒಂದು ಅಡ್ಡಹಲಗೆ. ಐದನೆಯದರಲ್ಲಿ ಕೆಳಗಿನ ಹಲಗೆ ಮತ್ತು ಐದು ಅಡ್ಡಹಲಗೆ. ಆರನೆಯದರಲ್ಲಿ ಮಿಕ್ಕ ಆರು. ಹಲಗೆಗಳ ದಪ್ಪವನ್ನು ಕಳೆದರೆ ಅಡ್ಡಹಲಗೆಯು ಎರಡಡಿಗಿಂತ ಕೊಂಚ ಕಿರಿದೇ ಆಗುವುದರಿಂದ ಗರಗಸದ ಸವೆತಕ್ಕೂ ಎಡೆಯುಂಟು. ಹೀಗೆ ಯೋಚಿಸದೆ ಕೈಗೆ ಬಂದಂತೆ ಕೊಯ್ದರೆ ಏಳನೆಯ ಹಲಗೆಯನ್ನು ಕೊಳ್ಳಲೇಬೇಕಾಗುವುದು. ಆ ಹಣವು ಮನೆಯವರ ಗಂಟಿನಿಂದಲೇ ಹೋಗುವುದು.

ಹುಡುಗಿಯು ಅಂದೇ ನಿಶ್ಚಯಿಸಿ, ಆ ಬಡಗಿಯ ಕೊಟ್ಟಿಗೆಯಲ್ಲಿ ಆರು ತಿಂಗಳು ಕೆಲಸ ಕಲಿಯುವೆನೆಂದಳು. ಅವಳ ತಂದೆಯವರು ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಇಷ್ಟು ಹಣ ಕಟ್ಟಿ ಓದಿಸಿದ ಮಗಳನ್ನು ಮರದ ಹೊಟ್ಟಿನಲ್ಲಿ ಕೂಡಿಸಲೇ? ನೆಂಟರು ಏನೆಂದಾರು?" ಎಂದು ಕೇಳಿದರು. "ಶಸ್ತ್ರವೈದ್ಯನು ಶವವನ್ನು ಮುಟ್ಟದೆ ಕಲಿತನೇ? ಕೈಗೆ ಹೊಟ್ಟು ಅಂಟಿದರೆ ತೊಳೆದುಕೊಳ್ಳಬಹುದು, ತಲೆಗೆ ಅಂಟಿದ ಅಜ್ಞಾನವು ಅಷ್ಟು ಸುಲಭವಾಗಿ ತೊಳೆಯದು" ಎಂದೆನು. ಅವರು ಅರ್ಧಮನಸ್ಸಿನಿಂದಲೇ ಒಪ್ಪಿದರು. ಅವಳು ಉಳಿ, ಉಜ್ಜುಗೊರಡು, ಮೂಲೆಮಟ್ಟ, ರಸಮಟ್ಟಗಳ ಪರಿಚಯವನ್ನು ಮಾಡಿಕೊಂಡಳು; ಪ್ರತಿಯಾಗಿ ಬಡಗಿಯ ಮಗನಿಗೆ ನಕ್ಷೆ ಓದುವುದನ್ನೂ ಗಣಕದಲ್ಲಿ ಬರೆಯುವುದನ್ನೂ ಕಲಿಸಿದಳು. ಆ ಹುಡುಗನು ಎಸ್‌ಎಸ್‌ಎಲ್‌ಸಿ ಮುಗಿಸಿ ಮನೆಯಲ್ಲಿಯೇ ಕುಳಿತಿದ್ದವನು. ಮರುವರ್ಷ ಕೈಗಾರಿಕಾ ತರಬೇತಿ ಸಂಸ್ಥೆಯನ್ನು ಸೇರಿದನು. ಈಗ ಅವಳು ಸಣ್ಣ ಮನೆಗಳ ಕೆಲಸವನ್ನು ಸ್ವತಂತ್ರವಾಗಿ ಹಿಡಿಯುತ್ತಿದ್ದಾಳೆ.

ನಮ್ಮಲ್ಲಿ ಬಹುಕಾಲದಿಂದ ಬರೆಯುವವನು ಬೇರೆ, ಮಾಡುವವನು ಬೇರೆ ಎಂಬ ಗೋಡೆಯಿದೆ. ಬರೆಯುವವನಿಗೆ ಗೌರವ, ಮಾಡುವವನಿಗೆ ದಿನಗೂಲಿ. ಈ ಗೋಡೆಯು ಇರುವವರೆಗೆ ಇಬ್ಬರ ವಿದ್ಯೆಯೂ ಅರ್ಧವೇ. ಗೃಹಾಲಂಕಾರದ ತರಬೇತಿಯು ಈ ಗೋಡೆಯಲ್ಲಿ ಒಂದು ಬಾಗಿಲನ್ನಾದರೂ ತೆರೆಯಬಲ್ಲದು.

ಕಲಿಯುವ ಮಾರ್ಗಗಳು

ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು ಕೈಗಾರಿಕಾ ತರಬೇತಿ ಸಂಸ್ಥೆಗಳದು. ೧೯೫೦ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆಯಲ್ಲಿ ಮರಗೆಲಸದಂತೆಯೇ ಒಳಾಂಗಣ ವಿನ್ಯಾಸ ಮತ್ತು ಅಲಂಕರಣವೆಂಬ ಒಂದು ವರ್ಷದ ಕಸಬೂ ಈಗ ಸೇರಿದೆ. ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾದವರು ಇದಕ್ಕೆ ಅರ್ಹರು. ಎರಡನೆಯದು ಪಾಲಿಟೆಕ್ನಿಕ್‌ಗಳದು. ನಮ್ಮ ರಾಜ್ಯದ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಎಸ್‌ಎಸ್‌ಎಲ್‌ಸಿಯ ಬಳಿಕ ಮೂರು ವರ್ಷದ ಡಿಪ್ಲೊಮಾ ದೊರೆಯುವುದು. ಮಧ್ಯಮವರ್ಗದ ಗೃಹಸ್ಥರಿಗೆ ವೆಚ್ಚದಲ್ಲಿಯೂ ಪ್ರಯೋಜನದಲ್ಲಿಯೂ ಇದು ಒಪ್ಪುವ ದಾರಿ. ಮೂರನೆಯದು ಪದವಿಪೂರ್ವದ ಬಳಿಕ ನಾಲ್ಕು ಅಥವಾ ಐದು ವರ್ಷದ ಪದವಿ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಂಥ ಕಡೆ ಪ್ರವೇಶಪರೀಕ್ಷೆಯನ್ನು ಎದುರಿಸಬೇಕು. ಅಲ್ಲಿ ಉರುಹೊಡೆದ ಪಾಠಕ್ಕಿಂತ ನೋಡುವ ಕಣ್ಣಿಗೂ ಯೋಚಿಸುವ ಕ್ರಮಕ್ಕೂ ಬೆಲೆ. ಇವಲ್ಲದೆ ೧೯೬೧ರ ಶಿಕ್ಷಾರ್ಥಿಗಳ ಕಾಯಿದೆಯ ಪ್ರಕಾರ ಕಾರ್ಖಾನೆಗಳಲ್ಲಿ ಭತ್ಯವನ್ನು ಪಡೆಯುತ್ತಲೇ ಕೆಲಸ ಕಲಿಯುವ ಅವಕಾಶವೂ ಉಂಟು. ಮರದ ವಿಷಯದಲ್ಲಿ ವಿಶೇಷ ಆಸಕ್ತಿಯುಳ್ಳವರಿಗೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಇದೆ.

ಇಲ್ಲಿ ಗೃಹಸ್ಥರು ಅವಶ್ಯವಾಗಿ ತಿಳಿದಿರಬೇಕಾದ ಒಂದು ವಿಷಯವುಂಟು. ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಯಂತೆ, ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳದವನು ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳುವಂತಿಲ್ಲ. ಒಳಾಂಗಣ ವಿನ್ಯಾಸಕಾರನಿಗೆ ಅಂಥ ಕಡ್ಡಾಯದ ನೋಂದಣಿಯಿಲ್ಲ. ಯಾರು ಬೇಕಾದರೂ ಫಲಕವನ್ನು ತೂಗುಹಾಕಬಹುದು. ಇದರಿಂದ ಬಡವನ ಮಗುವಿಗೆ ದಾರಿ ತೆರೆದಿರುವುದು ಗುಣ. ಪೊಳ್ಳು ಶಾಲೆಗಳಿಗೂ ದಾರಿ ತೆರೆದಿರುವುದು ದೋಷ. ಕಾಗದವು ಇಲ್ಲಿ ಕಾಯುವುದಿಲ್ಲ, ಕೆಲಸವೇ ಕಾಯಬೇಕು.

ಶಾಲೆಯನ್ನು ಪರೀಕ್ಷಿಸುವ ಬಗೆ

ಹಣ ಕಟ್ಟುವ ಮೊದಲು ತಾಯಿತಂದೆಗಳು ಸ್ವತಃ ಹೋಗಿ ಐದು ವಿಷಯಗಳನ್ನು ವಿಚಾರಿಸಲಿ. ಒಂದು, ಶಾಲೆಯಲ್ಲಿ ಕಾರ್ಯಾಗಾರವುಂಟೇ. ಅಲ್ಲಿನ ನೆಲದ ಮೇಲೆ ಮರದ ಹೊಟ್ಟು ಬಿದ್ದಿದೆಯೇ, ಅಥವಾ ಯಂತ್ರಗಳ ಮೇಲೆ ಧೂಳು ಕುಳಿತಿದೆಯೇ? ಎರಡು, ವಿದ್ಯಾರ್ಥಿಗಳನ್ನು ವರ್ಷಕ್ಕೆ ಎಷ್ಟು ಸಲ ಕಟ್ಟಡದ ಕೆಲಸ ನಡೆಯುವ ಜಾಗಕ್ಕೆ ಕರೆದೊಯ್ಯುವರು? ಮೂರು, ಅಂದಾಜುಪಟ್ಟಿಯನ್ನು ಕಲಿಸುವವರು ಯಾರು. ಅವರು ಆ ಕೆಲಸವನ್ನು ಮಾಡಿದವರೇ? ನಾಲ್ಕು, ಕಳೆದ ಮೂರು ವರ್ಷದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ. ಅವರಲ್ಲಿ ಇಬ್ಬರೊಡನೆ ಮಾತನಾಡಬಹುದೇ? ಐದು, ಆ ಪ್ರಮಾಣಪತ್ರವನ್ನು ಕೊಡುವ ಅಧಿಕಾರವು ಯಾವ ವಿಶ್ವವಿದ್ಯಾಲಯದಿಂದ ಅಥವಾ ಸರ್ಕಾರದ ಯಾವ ಇಲಾಖೆಯಿಂದ ಬಂದಿದೆ? ಈ ಪ್ರಶ್ನೆಗಳಿಗೆ ಬೇಸರಪಡುವ ಶಾಲೆಯಿಂದ ನಮಸ್ಕಾರ ಮಾಡಿ ಹಿಂದಿರುಗುವುದೇ ಲೇಸು.

ಮಗುವನ್ನೂ ಪರೀಕ್ಷಿಸಬೇಕು. ಬೇಸಗೆಯ ರಜೆಯಲ್ಲಿ ಅಳತೆಪಟ್ಟಿಯೊಂದನ್ನು ಕೈಗೆ ಕೊಟ್ಟು, ತಮ್ಮ ಮನೆಯನ್ನೇ ಅಳೆದು ನಕ್ಷೆ ಬರೆಯುವಂತೆ ಹೇಳಿ. ಅಜ್ಜಿಯು ರಾತ್ರಿ ಏಳುವಾಗ ಯಾವುದನ್ನು ಎಡವುವಳು, ಅಡಿಗೆಮನೆಯಲ್ಲಿ ತಾಯಿಯು ದಿನಕ್ಕೆ ಎಷ್ಟು ಸಲ ಬಾಗುವಳು, ಮಧ್ಯಾಹ್ನದ ಬಿಸಿಲು ಯಾವ ಗೋಡೆಯನ್ನು ಕಾಯಿಸುವುದು ಎಂದು ಬರೆದುಕೊಂಡು ಬರಲಿ. ಈ ಕೆಲಸದಲ್ಲಿ ಒಂದು ವಾರ ಬೇಸರವಿಲ್ಲದೆ ತೊಡಗಿದ ಮಗುವಿಗೆ ಈ ವಿದ್ಯೆ ಒಗ್ಗುವುದು. ಎರಡನೆಯ ದಿನವೇ ಪಟ್ಟಿಯನ್ನು ಮೂಲೆಗೆ ಎಸೆದು ಬಣ್ಣದ ಚಿತ್ರಗಳನ್ನು ನೋಡುತ್ತ ಕುಳಿತರೆ, ಬೇರೊಂದು ದಾರಿಯನ್ನು ಹುಡುಕುವುದು ಅದಕ್ಕೂ ಹಿತ, ನಿಮಗೂ ಹಿತ.

ವೃತ್ತಿಯ ಕಷ್ಟಗಳನ್ನೂ ಮರೆಮಾಚತಕ್ಕದ್ದಲ್ಲ. ಧೂಳು, ಬಣ್ಣದ ವಾಸನೆ, ಏಣಿಯ ಮೇಲಿನ ಕೆಲಸ ಇವು ನಿತ್ಯದ ಸಂಗಾತಿಗಳು. ವಿದ್ಯುತ್ತಿನ ತಂತಿ ಎಳೆಯುವವನು, ನಲ್ಲಿಯವನು, ಗಾರೆಯವನು, ಬಡಗಿ, ಬಣ್ಣದವನು ಇವರು ಕ್ರಮವಾಗಿ ಬರದಿದ್ದರೆ ಒಬ್ಬನು ಮಾಡಿದುದನ್ನು ಮತ್ತೊಬ್ಬನು ಒಡೆಯುವನು. ಆ ಕ್ರಮವನ್ನು ಕಾಯುವ ಹೊಣೆಯು ಇವರದೇ. ಯಜಮಾನರ ಮನಸ್ಸು ನಡುವೆ ಬದಲಾಗುವುದುಂಟು, ಹಣವು ತಡವಾಗುವುದುಂಟು. ಆದಕಾರಣ ಕೆಲಸದ ವಿವರ, ದರ, ಕಂತು, ಅವಧಿಗಳನ್ನು ಮೊದಲೇ ಬರೆದು ಸಹಿ ಮಾಡಿಸಿಕೊಳ್ಳುವ ಅಭ್ಯಾಸವನ್ನು ಕಲಿಯಬೇಕು. ಮೊದಲ ಮೂರು ನಾಲ್ಕು ವರ್ಷ ಅನುಭವಿಗಳ ಕೈಕೆಳಗೆ ಅಲ್ಪ ವೇತನದಲ್ಲಿ ದುಡಿಯುವ ತಾಳ್ಮೆಯೂ ಬೇಕು. ಹೆಣ್ಣುಮಕ್ಕಳು ಕೆಲಸದ ಜಾಗದಲ್ಲಿ ನಿಂತು ಆಜ್ಞಾಪಿಸುವುದನ್ನು ಸಹಿಸದ ಜನರು ಇನ್ನೂ ಇದ್ದಾರೆ. ಆದರೆ ಅಳತೆಯಲ್ಲಿಯೂ ಲೆಕ್ಕದಲ್ಲಿಯೂ ತಪ್ಪದ ಹೆಣ್ಣುಮಗಳ ಮುಂದೆ ಆ ಅಸಹನೆಯು ಬಹುದಿನ ನಿಲ್ಲದೆಂಬುದನ್ನು ನಾನು ಕಂಡಿದ್ದೇನ.

ಹೊಸ ಮನೆಗಳು ದಿನೇದಿನೇ ಏಳುತ್ತಿವೆ. ಅವುಗಳಲ್ಲಿ ಅನೇಕವು ಮೂವತ್ತಡಿಗೆ ನಲವತ್ತಡಿಯ ನಿವೇಶನದಲ್ಲಿಯೋ, ಬಹುಮಹಡಿಯ ಕಟ್ಟಡದ ಎರಡು ಕೋಣೆಗಳಲ್ಲಿಯೋ ಅಡಕವಾದುವು. ತೊಟ್ಟಿಮನೆಯ ವಿಶಾಲವಾದ ಪಡಸಾಲೆಯಲ್ಲಿ ವಸ್ತುಗಳನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಇಕ್ಕಟ್ಟಾದ ಮನೆಯಲ್ಲಿ ಒಂದೊಂದು ಅಂಗುಲಕ್ಕೂ ಯೋಚನೆ ಬೇಕು. ಆದುದರಿಂದ ಈ ವಿದ್ಯೆಯ ಅವಶ್ಯಕತೆಯು ಬಂಗಲೆಗಳಿಗಿಂತ ಸಣ್ಣ ಮನೆಗಳಿಗೇ ಹೆಚ್ಚು. ಆ ಸಣ್ಣ ಮನೆಯಲ್ಲಿ ಮುದುಕರು ಎಡವದಂತೆ, ಓದುವ ಮಗುವಿಗೆ ಬೆಳಕು ಬೀಳುವಂತೆ, ದುಡಿಯುವ ಗೃಹಿಣಿಯ ಬೆನ್ನು ನೋಯದಂತೆ, ಯಜಮಾನನ ಸಾಲ ಹೆಚ್ಚದಂತೆ ಏರ್ಪಡಿಸಬಲ್ಲವನು ಗೌರವಕ್ಕೆ ಪಾತ್ರನಾದ ವೃತ್ತಿವಂತನೇ ಸರಿ. ಇಂಥ ವಿದ್ಯೆಯನ್ನು ನಿಮ್ಮ ಮಗುವು ಕೇಳಿದರೆ ಕೂಡಲೇ ಬೇಡವೆನ್ನಬೇಡಿರಿ, ಕೂಡಲೇ ಹಣವನ್ನೂ ಕಟ್ಟಬೇಡಿರಿ. ಮೊದಲು ಅಳತೆಪಟ್ಟಿಯನ್ನು ಕೈಗೆ ಕೊಡಿರಿ.